ತಗಡಿನ ಹಿಂದೆ

ಚಹಾ ಬಲು ಚಾಡಿಕೋರ, ಎನ್ನುತ್ತಾನೆ ತೊಕುಜಿ ಮಾವ.
ಪಕ್ಕದಲ್ಲಿ ಮೀನಿಟ್ಟರೆ ಮೀನು, ಸಾಬೂನಿಟ್ಟರೆ ಸಾಬೂನು,
ಕದ್ದು ಕೇಳಿದ್ದನ್ನೆಲ್ಲ
ಬಿಸಿನೀರು ಕಂಡೊಡನೆ ಒದರಿಬಿಡುತ್ತದೆ.
ಹೂವಿನ ಸಂಗದಿಂದ ನಾರಿಗೆ ಸ್ವರ್ಗವಂತೆ, ಇದ್ದೀತು;
ಇದಕ್ಕೆ ಹೂವೂ ಬೇಡ, ನಾರೂ ಬೇಡ,
ತನ್ನ ಪಾಡಿಗೆ ತಾನು ಕತ್ತಲಲ್ಲಿ ಕೂರಲು
ಒಂದು ಪೆಟ್ಟಿಗೆ ಸಾಕು.

ನಾನು ಕವಾನೆಗೆ ಸೊಸೆಯಾಗಿ ಬಂದ ದಿನ
ಅವನು ಕೇಳಿದ್ದು ತವರಿನ ಸುದ್ದಿಯನ್ನಲ್ಲ.
'ಕೈಗೆ ಏನು ಹಚ್ಚುತ್ತೀ?'
ಎಣ್ಣೆ, ಎಂದೆ.
'ಇನ್ನು ಬೇಡ.'
ಅಂದಿನಿಂದ ನನ್ನ ಅಂಗೈ ಒರಟು,
ಉಗುರು ಸಂದಿಯಲ್ಲಿ ಬೆಸುಗೆಯ ಕರಿ.

ಹಲಗೆಗಳು ಸುಗಿ ಮರದವು.
ಅಂಗಳದಲ್ಲಿ ಒಂದಕ್ಕೊಂದು ಆತು ನಿಲ್ಲುತ್ತವೆ ಆರು ತಿಂಗಳು,
ಮಳೆ ನೆನೆಸಿ, ಬಿಸಿಲು ಹೀರಿ,
ನದಿಯ ಗಾಳಿ ಬಂದು ಒಂದೊಂದನ್ನೂ ಮೂಸಿ ಹೋಗಿ,
ಮರ ಮರೆಯಬೇಕು
ತಾನು ಮರವಾಗಿದ್ದುದನ್ನು.
ಆಮೇಲೆ ಉಳಿ, ಆಮೇಲೆ ಮೊಳೆ.

ತಗಡು ನನ್ನದು.
ಮಡಿಸಿ, ಮೂಲೆ ಕೂಡಿಸಿ, ಕೆಂಡದಿಂದ ಸಲಾಕೆ ಎತ್ತಿ
ಸೀಸದ ಹನಿಯನ್ನು ಅಂಚಿನುದ್ದಕ್ಕೂ ಓಡಿಸಿ,
ಮರದೊಳಗೆ ಇಳಿಸುವ ಮುನ್ನ
ಆ ಹೊಳೆಯುವ ಗೂಡನ್ನು ತಲೆಯ ಮೇಲೆ ಬೋರಲು ಹೊತ್ತು
ಬಿಸಿಲಿಗೆ ನಿಲ್ಲುತ್ತೇನೆ.
ಸೂಜಿಮೊನೆಯಷ್ಟು ಹಗಲು ಒಳಗೆ ಕಂಡರೂ ಸೋತಂತೆ.
ಶಾಲೆಗೆ ಹೋಗುವ ಮಕ್ಕಳು ನಗುತ್ತವೆ,
ತಲೆಯಿಲ್ಲದ ಹೆಂಗಸು, ಎರಡು ಕಾಲಿನ ಡಬ್ಬಿ.

ಸುಮಿನೊ ಅತ್ತೆ ತೀರಿಕೊಂಡ ಬೆಳಿಗ್ಗೆ
ಊದುಬತ್ತಿ ಹಚ್ಚುವ ಮೊದಲೇ
ಮಾವ ಹಲಗೆಗಳನ್ನು ಹೊತ್ತು ಸಾಗಿಸಿದ
ಆಚೆ ಮನೆಯ ಕೊಟ್ಟಿಗೆಗೆ, ಹದಿನಾಲ್ಕು ಸಲ, ಒಬ್ಬನೇ.
ಊರು ಆಡಿಕೊಂಡಿತು: ಹೆಂಡತಿಗಿಂತ ಹಲಗೆ ಹೆಚ್ಚಾಯಿತೆ?
ಅವನು ಬೆವರೊರೆಸಿಕೊಂಡು ಒಳಗೆ ಬಂದು
ಅವಳ ಕಾಲ ಬಳಿ ಕೂತ.
ಹೊಗೆ ತುಂಬಿದ ಅಂಗಿಯನ್ನು ಮಾತ್ರ
ಏಳು ವಾರ ಒಗೆಯಲು ಕೊಡಲಿಲ್ಲ.
ಅಷ್ಟು ದಿನವೂ ಅಂಗಡಿ ಮುಚ್ಚಿತ್ತು.

ಈ ಕಾರ್ತಿಕದ ಚಳಿಯಲ್ಲಿ
ಶಿಮಾದದ ವ್ಯಾಪಾರಿಯೊಬ್ಬ ಹಳೆಯ ಪೆಟ್ಟಿಗೆ ಕಳಿಸಿದ,
ತಳ ತುಕ್ಕು ಹಿಡಿದಿದೆ, ತಗಡು ಬದಲಿಸಿ, ಎಂದು.
ಹಳೆಯದನ್ನು ಕೀಳುತ್ತಿದ್ದೆ. ಹಲಗೆಯ ಒಳಮೈಯಲ್ಲಿ
ಪೆನ್ಸಿಲಿನ ಅಕ್ಷರ, ಅತ್ತೆಯದೇ ಓರೆ ಬರಹ:

ಮೊಳೆ ಇನ್ನೂರು. ಸೀಸ ಸಾಲ. ಮೂಲಂಗಿ ಐದು.
ಇವತ್ತು ಹಿಮ.
ಇವರು ಮೂರು ಸಲ ಅಳೆದರು, ಮೂರು ಸಲವೂ ತಪ್ಪು.
ನಕ್ಕೆನೆಂದು ಬೆಳಗಿನಿಂದ ಮಾತಿಲ್ಲ.

ಮಾವನನ್ನು ಕರೆದೆ. ಕನ್ನಡಕ ಹುಡುಕಿದ, ಹಣೆಯ ಮೇಲಿತ್ತು.
ಓದಿದ. ಮತ್ತೆ ಮೇಲಿನಿಂದ, ಮೂಲಂಗಿಯಿಂದ, ಓದಿದ.
ಆಮೇಲೆ ಬಗ್ಗಿ
ಆ ನಾಲ್ಕು ಸಾಲುಗಳಿಗೆ ಮೂಗು ತಾಗಿಸಿ
ಉಸಿರೆಳೆದು ನಿಂತ, ಬಹಳ ಹೊತ್ತು.
'ಏನೂ ಇಲ್ಲ,' ಎಂದ.
ಕೆಮ್ಮಿದ. 'ಒಳ್ಳೆಯ ಪೆಟ್ಟಿಗೆ.'

ನಾನು ಹೊಸ ತಗಡನ್ನು ತಲೆಗೆ ಬೋರಲಾಗಿಸಿ
ಅಂಗಳಕ್ಕೆ ನಡೆದೆ.
ಒಂದು ಚುಕ್ಕಿಯೂ ಕಾಣಲಿಲ್ಲ, ಕೆಲಸ ಸರಿಯಾಗಿತ್ತು,
ಆದರೂ ಆ ಕತ್ತಲಲ್ಲೇ ಇದ್ದೆ.
ಬಾಗಿಲಾಚೆಯಿಂದ ಕೇಳಿಸುತ್ತಿತ್ತು
ಒಣಗಿದ ಮರದ ಮೇಲೆ
ಪೆನ್ಸಿಲು ಗೀರುವ ಸದ್ದು, ನಿಲ್ಲುವ ಸದ್ದು, ಮತ್ತೆ ಗೀರುವ ಸದ್ದು.

ಇಳಿಸುವಾಗ ನೋಡಿದೆ. ಅವಳ ಸಾಲಿನ ಕೆಳಗೆ
ಸರಿಯಾದ ಅಳತೆ ಬರೆದಿದ್ದ,
ಎರಡು ಗೇಣು, ಒಂದು ನೂಲು ಕಡಿಮೆ.
ಅಷ್ಟೇ.
ಮೇಲೆ ತಗಡು ಕೂತಿತು, ಒಂದು ಕೂದಲೂ ಹಿಡಿಯದ ಹಾಗೆ.